ರಿಬ್ಬನ್ ಕಟ್ಟಲಾಗದ ಇಂಜೆಕ್ಷನ್

ನಿನ್ನೆ ಒಂದು ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಬಂದ ಹೊಸ ವೆಂಟಿಲೇಟರಿನ ಉದ್ಘಾಟನೆಗೆ, ನಿವೃತ್ತ ಸಿಸ್ಟರ್ ಎಂಬ ಗೌರವಕ್ಕೆ, ನನ್ನನ್ನೂ ಕರೆದಿದ್ದರು. ಯಂತ್ರದ ಪರದೆಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿಕೆಗೆ ಸೇವಂತಿಗೆ ಮಾಲೆ ಸುತ್ತಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಸೋಂಕು ತಡೆಯಬೇಕಾದ ಜಾಗದಲ್ಲಿ ಇದೆಲ್ಲ ಏಕೆಂದು ಕೇಳುವಷ್ಟರಲ್ಲಿ ಕೈಗೆ ಲಾಡು ಬಂತು.

ಭಾಷಣ ಇನ್ನೂ ಮುಗಿದಿರಲಿಲ್ಲ, ಹೆರಿಗೆ ಕೋಣೆಯಿಂದ 32 ವಾರದ ಕೂಸೊಂದನ್ನು ತಂದರು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಪಕ್ಕೆ ಸೆಳೆತ ದೂರದಿಂದಲೇ ಕಾಣುತ್ತಿತ್ತು, ಉಸಿರು ಬಿಡುವಾಗಲೆಲ್ಲ ಸಣ್ಣಗೆ ನರಳುತ್ತಿತ್ತು. ತಾಯಿಯನ್ನು ಬೇರೊಂದು ಊರಿನ ಆಸ್ಪತ್ರೆಯಿಂದ ರೆಫರ್ ಮಾಡಿದ್ದರು. ಹಳೆಯ ಚಟ ಬಿಡದು, ಚೀಟಿ ಇಸಿದುಕೊಂಡು ಓದಿದೆ. ಹಿಂದಿನ ಸಂಜೆಯೇ ನೋವು ಶುರುವಾದದ್ದು, ರಕ್ತದೊತ್ತಡ, ಮಗುವಿನ ಎದೆಬಡಿತ, ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ದಿನ ತುಂಬುವ ಮುಂಚೆ ಹೆರಿಗೆಯಾಗುವಂತಿದ್ದರೆ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಡೆಕ್ಸಾಮೆಥಸೋನ್ ಎಂಬ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಹೆರಿಗೆಗೆ ಮೊದಲು ಹದಿನಾಲ್ಕು ಗಂಟೆ ಸಮಯವಿದ್ದರೂ ಆ ತಾಯಿಗೆ ಒಂದೇ ಒಂದು ಸೂಜಿ ಬಿದ್ದಿರಲಿಲ್ಲ.

ನನ್ನ ಸಿಟ್ಟೆಲ್ಲ ಅದೊಂದೇ ಸೂಜಿಯ ಬಗ್ಗೆ. ದಿನ ತುಂಬದ ಮಗುವಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ದ್ರವ ಸಾಕಷ್ಟು ಇರುವುದಿಲ್ಲ. ಅದು ಸಾಲುವಷ್ಟಾಗುವುದು ಸುಮಾರು 34-35 ವಾರಗಳಿಗೆ. ಅಲ್ಲಿಯವರೆಗೆ ಪ್ರತಿ ಉಸಿರು ಬಿಟ್ಟಾಗಲೂ ಗಾಳಿಗೂಡುಗಳು ಒದ್ದೆ ಬಲೂನಿನಂತೆ ಅಂಟಿಕೊಳ್ಳುತ್ತವೆ, ಮುಂದಿನ ಉಸಿರಿಗೆ ಮಗು ಅವನ್ನು ಮತ್ತೆ ಮೊದಲಿನಿಂದ ಉಬ್ಬಿಸಬೇಕು. ಆ ನರಳಿಕೆ ಅಳುವಲ್ಲ. ಒಳಗಿನ ಗಾಳಿ ಪೂರ್ತಿ ಹೊರಹೋಗದಂತೆ ಗಂಟಲನ್ನು ಅರ್ಧ ಮುಚ್ಚಿ ಮಗು ಮಾಡುವ ಉಪಾಯ. ಮೂಗಿಗೆ ನಳಿಕೆ ಇಟ್ಟು, ಅದರ ಇನ್ನೊಂದು ತುದಿಯನ್ನು ಐದು ಸೆಂಟಿಮೀಟರ್ ನೀರಿನಲ್ಲಿ ಮುಳುಗಿಸಿ ಗುಳುಗುಳು ಎನ್ನಿಸುವ ಬಬಲ್ ಸಿಪ್ಯಾಪ್ ಮಾಡುವುದೂ ಅದೇ ಕೆಲಸವನ್ನು.

ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಹೊಟ್ಟೆಯಲ್ಲಿರುವಾಗಲೇ ಹದಗೊಳಿಸುತ್ತದೆ. ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗ್ಗಿನ್ಸ್ ಇದನ್ನು ಮೊದಲು ಗಮನಿಸಿದ್ದು ಕುರಿಮರಿಗಳಲ್ಲಿ. 1972ರಲ್ಲಿ ಅವರೂ ಮಕ್ಕಳ ವೈದ್ಯ ರಾಸ್ ಹೋವಿಯೂ ತಾಯಂದಿರ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಅದಕ್ಕೆ ಒಂಬತ್ತು ವರ್ಷ ಮೊದಲು ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಇದೇ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಹೋಗಿತ್ತು. ಅಧ್ಯಕ್ಷನ ಮಗನಿಗೆ ಸಿಗದಿದ್ದ ಔಷಧಿ ಈಗ ನಮ್ಮ ಹೆರಿಗೆ ಕೋಣೆಗಳ ಕಪಾಟಿನಲ್ಲಿ ಕುಳಿತಿದೆ. 6 ಮಿಲಿಗ್ರಾಂ, ಹನ್ನೆರಡು ಗಂಟೆಗೊಮ್ಮೆ, ನಾಲ್ಕು ಸಲ, ಅಷ್ಟೇ. ರೆಫರ್ ಮಾಡುವ ಮುನ್ನ ಮೊದಲ ಡೋಸನ್ನು ಹಳ್ಳಿಗಳ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳೇ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಪಾಪ, ಅದರ ಬಾಟಲಿ ಹೆಬ್ಬೆರಳಷ್ಟೂ ಇಲ್ಲ, ಮಾಲೆ ಹಾಕುವುದಾದರೂ ಎಲ್ಲಿಗೆ?

ಎಲ್ಲರಿಗೂ ಚುಚ್ಚಿದರೆ ಅಪಾಯವಲ್ಲವೇ ಎಂದು ಓದಿಕೊಂಡ ಗೆಳೆಯರು ಕೇಳುತ್ತಾರೆ. ಬೆಳಗಾವಿ, ನಾಗಪುರಗಳೂ ಸೇರಿದ್ದ ಆರು ದೇಶಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಂಜೆಕ್ಷನ್ ಬಳಕೆ ಹೆಚ್ಚಿಸಿದ ಕಡೆ ಒಟ್ಟಾರೆ ನವಜಾತ ಶಿಶುಮರಣ ಕೊಂಚ ಹೆಚ್ಚಿತ್ತು, ನಿಜ. ಆದರೆ ಅಲ್ಲಿ ಚುಚ್ಚಿಸಿಕೊಂಡ ಬಹುಪಾಲು ತಾಯಂದಿರಿಗೆ ಹುಟ್ಟಿದ್ದು ಅಷ್ಟು ಸಣ್ಣ ಮಕ್ಕಳಲ್ಲ. ವಾರಗಳನ್ನು ಸರಿಯಾಗಿ ಲೆಕ್ಕ ಹಾಕಿ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿರುವ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2,852 ತಾಯಂದಿರಲ್ಲಿ ಪರೀಕ್ಷಿಸಿದಾಗ, ಆಗಲೂ ಬೆಳಗಾವಿ ಇತ್ತು, ಇಂಜೆಕ್ಷನ್ ಪಡೆದವರಲ್ಲಿ ಶಿಶುಮರಣ ಶೇ. 23.5ರ ಬದಲು ಶೇ. 19.6 ಆಗಿತ್ತು; ತಾಯಂದಿರಿಗೆ ಸೋಂಕೂ ಹೆಚ್ಚಲಿಲ್ಲ. ಆ ಫಲಿತಾಂಶ 2020ರಲ್ಲೇ ಬಂದಿದೆ. ನಿನ್ನೆಯ ಬಾಣಂತಿಯ ‘ತಾಯಿ ಕಾರ್ಡಿ’ನಲ್ಲಿ ಸ್ಕ್ಯಾನಿಂಗ್ ಪ್ರಕಾರದ ವಾರಗಳು ಸ್ಪಷ್ಟವಾಗಿದ್ದವು, ಅವರು ಹೊರಟಿದ್ದೂ ಅಂಥದೇ ಆಸ್ಪತ್ರೆಗೆ. ಇನ್ನು ಯಾವ ಅನುಮಾನ?

ಇಷ್ಟು ಕೂಗಾಡುವ ನಾನೂ ಸಾಚಾ ಅಲ್ಲ. ವರ್ಷಗಳ ಹಿಂದೆ ಒಂದು ರಾತ್ರಿಪಾಳಿಯಲ್ಲಿ 30 ವಾರದ ಗರ್ಭಿಣಿಯೊಬ್ಬಳು ಬಂದಾಗ, ಇನ್ನರ್ಧ ಗಂಟೆಯಲ್ಲಿ ಹೆರಿಗೆ ಆಗಿಬಿಡುತ್ತದೆ, ಇಂಜೆಕ್ಷನ್ನಿಂದ ಇನ್ನೇನು ಪ್ರಯೋಜನ ಎಂದುಕೊಂಡು, ಮಲಗಿದ್ದ ಡಾಕ್ಟರನ್ನು ನಾನು ಎಬ್ಬಿಸಲಿಲ್ಲ. ಅವಳು ಹೆತ್ತದ್ದು ಒಂಬತ್ತು ಗಂಟೆಗಳ ನಂತರ. ಆ ಮಗು ನಾಲ್ಕನೆಯ ದಿನ ಹೋಯಿತು. ಇಂಜೆಕ್ಷನ್ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂಬುದನ್ನು ಯಾರೂ ಹೇಳಲಾರರು. ಅದನ್ನು ನಾನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಆ ಕೂಸಿನ ಅಜ್ಜಿ ನನ್ನ ಸೆರಗು ಹಿಡಿದು, "ಏಳು ತಿಂಗಳಿಂದಾದ್ರೆ ಉಳಿಯುತ್ತೆ, ಎಂಟು ತಿಂಗಳಿಂದು ಉಳಿಯಲ್ವಂತೆ, ಹೌದೇನ್ರೀ ಸಿಸ್ಟರ್?" ಎಂದು ಕೇಳಿದರು. "ಅದೆಲ್ಲ ಸುಳ್ಳು ಅಜ್ಜಿ, ಒಳಗೆ ಎಷ್ಟು ದಿನ ಹೆಚ್ಚಿಗೆ ಇದ್ರೆ ಅಷ್ಟು ಒಳ್ಳೇದು" ಎಂದೆ. ಅವರು ಸಮಾಧಾನದಿಂದ ಕೈಮುಗಿದರು, ನನಗೆ ಲಾಡು ಗಂಟಲಿನಲ್ಲಿ ಇಳಿಯಲಿಲ್ಲ.

ಇಂದು ಬೆಳಿಗ್ಗೆ ಡ್ಯೂಟಿ ಸಿಸ್ಟರಿಗೆ ಫೋನ್ ಮಾಡಿದ್ದೆ. ಮಗು ಇನ್ನೂ ಸಿಪ್ಯಾಪ್‌ನಲ್ಲೇ ಇದೆ, ನರಳಿಕೆ ನಿಂತಿದೆ, ಪಕ್ಕೆ ಸೆಳೆತ ತಗ್ಗಿದೆ. ವೆಂಟಿಲೇಟರ್ ಬೇಕಾಗಲಿಲ್ಲವಂತೆ; ಅದು ಮೂಲೆಯಲ್ಲಿ ಬಾಡಿದ ಸೇವಂತಿಗೆಯೊಡನೆ ನಿಂತಿದೆಯಂತೆ.