ಈಜು ಬಾರದವನ ಸಬ್‌ಮರೀನರ್

ನನಗೆ ಈಜು ಬರುವುದಿಲ್ಲ. ಸೊಂಟದ ಮಟ್ಟಕ್ಕೆ ನೀರು ಬಂದರೆ ದಡದ ಕಡೆ ಮುಖ ಮಾಡಿ ನಿಲ್ಲುವವನು ನಾನು. ಆದರೂ ಈಚೆಗೆ ನನ್ನ ತಲೆಯಲ್ಲಿ ಓಡುತ್ತಿರುವುದೆಲ್ಲ 300 ಮೀಟರ್ ಆಳದ ವಿಚಾರ. ರೋಲೆಕ್ಸ್ ಸಬ್‌ಮರೀನರ್ ಎಂಬ ಡೈವ್ ವಾಚ್, ಅಂದರೆ ನೀರಿನಾಳಕ್ಕೆ ಇಳಿಯುವವರಿಗೆಂದು ಮಾಡಿದ ವಾಚ್, ತೆಗೆದುಕೊಳ್ಳಬೇಕು ಅನ್ನುವುದು ತೀರ್ಮಾನವಾಗಿದೆ. ಯಾವ ಸಬ್‌ಮರೀನರ್ ಅನ್ನುವುದು ಮಾತ್ರ ಆಗಿಲ್ಲ.

ಗೊತ್ತಿಲ್ಲದವರಿಗೆ ಎಲ್ಲ ಒಂದೇ. ಕಪ್ಪು ಡಯಲ್, ಅದರ ಸುತ್ತ ತಿರುಗುವ ಕಪ್ಪು ಬಳೆ ಅಂದರೆ ಬೆಜೆಲ್, ಸ್ಟೀಲ್ ಪಟ್ಟಿ. ಎರಡು ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿದರೆ ಹೆಂಡತಿ "ಇದೇನ್ರೀ, ಹತ್ತು ವ್ಯತ್ಯಾಸ ಕಂಡುಹಿಡಿಯೋ ಆಟಾನಾ?" ಅಂದಳು. ಹತ್ತು ಎಲ್ಲಿಂದ ಬರಬೇಕು? ಒಂದರಲ್ಲಿ ತಾರೀಖು ಇದೆ, ಇನ್ನೊಂದರಲ್ಲಿ ಇಲ್ಲ. ತೊಂದರೆ ಇರುವುದೇ ಅಲ್ಲಿ. ವ್ಯತ್ಯಾಸ ದೊಡ್ಡದಿದ್ದರೆ ಒಂದು ನಿಮಿಷದಲ್ಲಿ ಆರಿಸಬಹುದು. ಚಿಕ್ಕದಾದಷ್ಟೂ ನಿದ್ದೆ ಜಾಸ್ತಿ ಕೆಡುತ್ತದೆ.

ಮೊದಮೊದಲು ಒಮೆಗಾ ಸೀಮಾಸ್ಟರ್ ಮೇಲೂ ಕಣ್ಣಿತ್ತು. ಅದರ 300 ಮೀಟರ್ ಮಾಡೆಲ್‌ನಲ್ಲಿ ಹತ್ತು ಗಂಟೆಯ ಪಕ್ಕ ಇನ್ನೊಂದು ತಿರುಪು ಇರುತ್ತದೆ, ಹೀಲಿಯಂ ವಾಲ್ವ್. ಸಮುದ್ರದ ಆಳದ ಕೆಲಸಕ್ಕಾಗಿ ಒತ್ತಡದ ಕೋಣೆಯಲ್ಲಿ ದಿನಗಟ್ಟಲೆ ಇರುವವರು ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತಾರೆ. ಆ ಹೀಲಿಯಂ ಮೆಲ್ಲಗೆ ವಾಚಿನೊಳಗೂ ನುಸುಳುತ್ತದೆ. ಹೊರಗಿನ ಒತ್ತಡ ಇಳಿಸುವಾಗ ಒಳಗೆ ಸಿಕ್ಕಿಕೊಂಡ ಅನಿಲ ಗಾಜನ್ನೇ ಹಾರಿಸಬಹುದು. ಅದಕ್ಕೆ ವಾಲ್ವ್. ಇದನ್ನೆಲ್ಲ ಮಗನಿಗೆ ಉತ್ಸಾಹದಿಂದ ವಿವರಿಸಿದೆ. ಅವನು ಪೂರ್ತಿ ಕೇಳಿ, "ನೀನು ಯಾವಾಗಪ್ಪ ಹೀಲಿಯಂ ಹತ್ರ ಹೋಗೋದು? ನನ್ನ ಬರ್ತ್‌ಡೇ ಬಲೂನ್ ತರೋವಾಗಲಾ?" ಅಂದ. ಒಮೆಗಾ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಅಳತೆಯ ಪ್ರಶ್ನೆ ಬಂತು. 2020ರವರೆಗೆ ಸಬ್‌ಮರೀನರ್ 40 ಮಿಲಿಮೀಟರ್ ಇತ್ತು. ಆ ವರ್ಷ ಬಂದ ಹೊಸ ಮಾಡೆಲ್ 41. ಒಂದೇ ಒಂದು ಮಿಲಿಮೀಟರ್. ಅದಕ್ಕಾಗಿ ಜಗತ್ತಿನಲ್ಲಿ ಗೆಳೆತನಗಳು ಮುರಿದಿರಬಹುದು ಅಂತ ನನ್ನ ಅನುಮಾನ. ಹಳೆಯದೇ ಚೆಂದ ಅನ್ನುವವರು ಒಂದು ಕಡೆ. ಹೊಸದರಲ್ಲಿ ಪಟ್ಟಿ ಸೇರುವ ಕಿವಿಗಳು ತೆಳುವಾಗಿವೆ, ಹಾಗಾಗಿ 41 ಇದ್ದರೂ ಸಣ್ಣ ಕಾಣುತ್ತದೆ ಅನ್ನುವವರು ಇನ್ನೊಂದು ಕಡೆ. ನಾನು ದಪ್ಪ ಕಾಗದದಲ್ಲಿ ಎರಡು ಬಿಲ್ಲೆ ಕತ್ತರಿಸಿ, ಎಡಗೈಗೆ 40, ಬಲಗೈಗೆ 41 ಅಂಟಿಸಿಕೊಂಡು ಕನ್ನಡಿ ಮುಂದೆ ನಿಂತೆ. ಅಷ್ಟರಲ್ಲಿ ಬಾಗಿಲ ಗಂಟೆ. ಹಾಗೇ ಹೋಗಿ ಕೊರಿಯರ್ ಹುಡುಗನಿಗೆ ಸಹಿ ಹಾಕಿದೆ. ಅವನು ಎರಡೂ ಮಣಿಕಟ್ಟು ನೋಡಿ, "ಆಸ್ಪತ್ರೆಗೆ ತೋರಿಸಿದ್ರಾ ಸಾರ್?" ಅಂತ ಬಹಳ ಕಾಳಜಿಯಿಂದ ಕೇಳಿದ.

ನನ್ನ ಕಾಟ ತಾಳಲಾರದೆ ಗೆಳೆಯನೊಬ್ಬ ತನ್ನ ಹಳೆಯ 40ರ ಸಬ್‌ಮರೀನರ್ ಬಿಚ್ಚಿ ಕೊಟ್ಟ. ತಾರೀಖು ಇರುವಂಥದ್ದು. "ಸ್ವಲ್ಪ ದಿನ ಕಟ್ಟಿ ನೋಡು, ಆಮೇಲೆ ನನಗೆ ಫೋನ್ ಮಾಡಬೇಡ."

ಡೈವ್ ವಾಚಿನ ಪ್ರಾಣ ಇರುವುದು ಅದರ ಬೆಜೆಲ್‌ನಲ್ಲಿ. ನೀರಿಗೆ ಇಳಿಯುವಾಗ ಅದರ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಟ್ಟರೆ ಎಷ್ಟು ನಿಮಿಷ ಆಯಿತು ಅಂತ ತಿಳಿಯುತ್ತದೆ. ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಬಂಡೆಗೆ ತಾಗಿ ಅಕಸ್ಮಾತ್ ಸರಿದರೂ ಜಾಸ್ತಿ ಹೊತ್ತಾದಂತೆ ತೋರಿಸುತ್ತದೆ, ಕಡಿಮೆ ಅಂತ ತೋರಿಸುವುದಿಲ್ಲ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಬದುಕುತ್ತಾನೆ. ಎಂಥ ಜಾಣತನ! ಅದನ್ನು ನಾನು ಬಳಸಿದ್ದು ಆಫೀಸಿನ ಮೀಟಿಂಗಿನಲ್ಲಿ, ಮೇಲಧಿಕಾರಿಯ ಮಾತು ಎಷ್ಟು ಹೊತ್ತು ನಡೆಯುತ್ತದೆ ಅಂತ ನೋಡುವುದಕ್ಕೆ. ತ್ರಿಕೋನ ಇಡುವಾಗ ಒಂದು ಕ್ಲಿಕ್ ಮುಂದೆ ಹೋಯಿತು. ಹಿಂದೆ ತಿರುಗುವುದಿಲ್ಲವಲ್ಲ! ಇಡೀ ಸುತ್ತಿಗೆ 120 ಕ್ಲಿಕ್. ಉಳಿದ 119 ಕ್ಲಿಕ್ಕನ್ನೂ ಮೇಜಿನ ಕೆಳಗೆ ಕೈ ಇಟ್ಟುಕೊಂಡು ತಿರುಗಿಸಿದೆ. ಕಿರ್ ಕಿರ್ ಕಿರ್. ಅವರು ಮಾತು ನಿಲ್ಲಿಸಿದರು. ಕಿರ್ ಕಿರ್. "ಯಾರದು ಕುರ್ಚಿ ಶಬ್ದ?" ಅಂದರು. ಎಲ್ಲರೂ ಪಕ್ಕದವನ ಕುರ್ಚಿ ನೋಡಿದರು. ಅವನು ಎದ್ದು ಬೇರೆ ಕುರ್ಚಿ ತಂದುಕೊಂಡ, ಪಾಪ.

ಇನ್ನು ಕತ್ತಲು. ಡೈವ್ ವಾಚುಗಳಿಗೆಂದೇ ಐಎಸ್‌ಒ 6425 ಅಂತ ಒಂದು ಮಾನದಂಡ ಇದೆ. ಕನಿಷ್ಠ 100 ಮೀಟರ್ ತಾಳಬೇಕು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಓದಲು ಬರಬೇಕು, ಹೀಗೆ. ಆಳದ ಪರೀಕ್ಷೆ ನನ್ನ ಕೈಲಿ ಆಗದು. ಎರಡನೆಯದನ್ನು ರಾತ್ರಿ ಹೊದಿಕೆಯೊಳಗೆ ಮಾಡಿದೆ. ಚುಕ್ಕಿಗಳೆಲ್ಲ ತಿಳಿನೀಲಿಯಾಗಿ ಹೊಳೆದವು. ನಾನು ಮೈಮರೆತು ನೋಡುತ್ತಿದ್ದೆ. "ಆ ಮೊಬೈಲ್ ಇಟ್ಟು ಮಲಗ್ರೀ" ಅಂತ ಪಕ್ಕದಿಂದ ಗದರಿಕೆ ಬಂತು.

ಸರಿ, ತಾರೀಖು ಬೇಕೋ ಬೇಡವೋ? ಬೇಡ ಅನ್ನುವವರ ವಾದ ಗಟ್ಟಿಯಾಗಿದೆ. 1953ರಲ್ಲಿ ಸಬ್‌ಮರೀನರ್ ಹುಟ್ಟಿದಾಗ ತಾರೀಖು ಇರಲಿಲ್ಲ. ಅದು ಸೇರಿದ್ದು 60ರ ದಶಕದ ಕೊನೆಗೆ. ತಾರೀಖು ಇಲ್ಲದ ಡಯಲ್ ಎಡಬಲ ಸಮನಾಗಿ, ನೋಡಲು ಶಾಂತವಾಗಿರುತ್ತದೆ. ಇರುವುದರಲ್ಲಿ ಮೂರು ಗಂಟೆಯ ಜಾಗದಲ್ಲಿ ಕಿಟಕಿ, ಗಾಜಿನ ಮೇಲೆ ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುವ ಸೈಕ್ಲಾಪ್ಸ್ ಎಂಬ ಉಬ್ಬು. ಅದನ್ನು ಡಯಲ್ ಮೇಲೆ ಎದ್ದ ಗುಳ್ಳೆ ಅನ್ನುವವರೂ ಇದ್ದಾರೆ. ಅದೂ ಅಲ್ಲದೆ ಡೈವರ್‌ಗೆ ಬೇಕಾದದ್ದು ನಿಮಿಷ. ನೀರಿನಡಿ ತಾರೀಖು ನೋಡುವಷ್ಟು ಹೊತ್ತು ಇದ್ದುಬಿಟ್ಟರೆ ಅವನ ಸಮಸ್ಯೆಯೇ ಬೇರೆ.

ಅದರ ಮೇಲೆ ಈ ತಾರೀಖಿಗೆ ತಿಂಗಳುಗಳ ಲೆಕ್ಕ ಗೊತ್ತಿಲ್ಲ. ಎಲ್ಲ ತಿಂಗಳೂ 31 ದಿನ ಅಂದುಕೊಂಡಿರುತ್ತದೆ. ವರ್ಷಕ್ಕೆ ಐದು ಸಲ ನಾವೇ ಕೈಯಾರೆ ತಿದ್ದಬೇಕು. ಕೈಯ ಅಲುಗಾಟದಿಂದ ಕೀ ತುಂಬಿಕೊಳ್ಳುವ ವಾಚು, ಬಿಚ್ಚಿಟ್ಟರೆ ನಿಂತೂ ಹೋಗುತ್ತದೆ. ಹೊಸದು ಸುಮಾರು 70 ಗಂಟೆ ಓಡುತ್ತದಂತೆ. ಗೆಳೆಯನದು 48 ಅಷ್ಟೇ. ಶನಿವಾರ ಭಾನುವಾರ ಡ್ರಾಯರಿನಲ್ಲಿ ಮಲಗಿಸಿದ್ದೆ, ಸೋಮವಾರ ಬೆಳಿಗ್ಗೆ ನೋಡಿದರೆ ನಿಂತಿತ್ತು. ತಿರುಪು ಎಳೆದು ಗಂಟೆ, ತಾರೀಖು ಎರಡೂ ಸರಿಮಾಡಿದೆ. ಬೆಳಗಿನ ಎಂಟೋ ರಾತ್ರಿಯ ಎಂಟೋ ಅಂತ ಮುಳ್ಳು ನೋಡಿ ಹೇಳಲಾಗುವುದಿಲ್ಲ, ಅಲ್ವಾ? ವಾಚು ಅದನ್ನು ರಾತ್ರಿ ಅಂದುಕೊಂಡಿತು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಾಳೆಯ ತಾರೀಖಿಗೆ ಜಿಗಿಯಿತು. ಮೂರು ಗಂಟೆಗೆ ಒಂದು ಕಚೇರಿಯಲ್ಲಿ ಅರ್ಜಿ ಬರೆದು, ವಾಚು ನೋಡಿ ತಾರೀಖು ಹಾಕಿ, ಠೀವಿಯಿಂದ ಕೊಟ್ಟೆ. ಕೌಂಟರಿನಾಕೆ ಕನ್ನಡಕದ ಮೇಲಿಂದ ನೋಡಿ, "ಇದು ನಾಳೇದು. ನಾಳೆ ಬನ್ನಿ" ಅಂತ ವಾಪಸ್ ತಳ್ಳಿದರು.

ಇಷ್ಟೆಲ್ಲ ಆದಮೇಲೆ ತಾರೀಖು ಇಲ್ಲದ್ದೇ ಸರಿ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಹಸಿರು ಬೆಜೆಲ್ ಇರುವುದರ ಮೇಲೆ ಕಣ್ಣು ಬಿತ್ತಲ್ಲ! 2003ರಲ್ಲಿ 50 ವರ್ಷ ತುಂಬಿದ್ದಕ್ಕೆ ಮೊದಲ ಸಲ ಹಸಿರು ಬಂದಿತ್ತು. ಪ್ರೀತಿಯಿಂದ ಅದಕ್ಕೆ ಕರ್ಮಿಟ್ ಅಂತ ಟಿವಿಯ ಬೊಂಬೆ ಕಪ್ಪೆಯ ಹೆಸರಿಟ್ಟರು. 2010ರಲ್ಲಿ ಡಯಲ್ ಕೂಡ ಹಸಿರಾದಾಗ ಕಾಮಿಕ್ಸಿನ ಹಸಿರು ದೈತ್ಯನ ಹೆಸರು ಹಿಡಿದು ಹಲ್ಕ್ ಅಂದರು. ಇಷ್ಟು ದುಡ್ಡು ಕೊಟ್ಟು ತಂದ ವಾಚಿಗೆ ಬೊಂಬೆ, ಕಾಮಿಕ್ಸುಗಳ ಹೆಸರು! ಇರಲಿ. ವಿಷಯ ಏನೆಂದರೆ ಹಸಿರು ಬೇಕೆಂದರೆ ತಾರೀಖನ್ನೂ ತೆಗೆದುಕೊಳ್ಳಬೇಕು. ತಾರೀಖು ಇಲ್ಲದ್ದು ಕಪ್ಪು ಒಂದೇ.

ಕೊನೆಗೆ ಹೆಂಡತಿಯ ಮೊರೆ ಹೋದೆ. ನಮ್ಮ ಮನೆಯಲ್ಲಿ ನಿಜವಾಗಿ ನೀರಿಗೆ ಇಳಿಯುವವಳು ಅವಳು. ದಿನಾ ಬೆಳಿಗ್ಗೆ ಈಜುತ್ತಾಳೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಿಜಿಟಲ್ ವಾಚು. ಅದು ನಿಂತದ್ದನ್ನು ನಾನು ನೋಡಿಲ್ಲ, ಅದರ ತಾರೀಖು ತಪ್ಪಿದ್ದೂ ಇಲ್ಲ. ಅವಳು ಯೋಚಿಸಲೇ ಇಲ್ಲ. "ತಾರೀಖು ಇಲ್ಲದ್ದೇ ತಗೊಳ್ಳಿ. ಹೇಗೂ ನನ್ನನ್ನೇ ಕೇಳ್ತೀರಲ್ಲ" ಅಂದಳು.

ಇಬ್ಬರೂ ಅಂಗಡಿಗೆ ಹೋದೆವು. ವಾಚು ಸದ್ಯ ಇಲ್ಲ, ಹೆಸರು ಬರೆಸಿ ಹೋಗಿ ಅಂದರು. ಫಾರಂ ಕೊಟ್ಟರು. ಹೆಸರು ಬರೆದೆ. ಮಾಡೆಲ್ ಅನ್ನುವಲ್ಲಿ ತಾರೀಖು ಇಲ್ಲದ ಕಪ್ಪು ಸಬ್‌ಮರೀನರ್ ಅಂತ ದೃಢವಾಗಿ ಬರೆದೆ. ಕೆಳಗೆ ಸಹಿ, ಅದರ ಪಕ್ಕ ದಿನಾಂಕ. ಪೆನ್ನು ಅಲ್ಲೇ ನಿಂತಿತು. ಮೆಲ್ಲಗೆ ಅವಳ ಕಡೆ ತಿರುಗಿದೆ.

"ಹದಿನೇಳು" ಅಂದಳು, ಇನ್ನೂ ಕೇಳುವ ಮೊದಲೇ.