ನಮ್ಮನೆ ನಿಮಗೆ, ನಿಮ್ಮನೆ ನಮಗೆ, ಮೋಟರ್ ಸ್ವಿಚ್ ಯಾರಿಗೆ?

ಭಾನುವಾರದ ಪುರವಣಿ ನೀವೂ ನೋಡಿರ್ತೀರಾ, ನೋಡದಿದ್ರೂ ಫ್ಯಾಮಿಲಿ ಗ್ರೂಪಲ್ಲಿ ನಾಲ್ಕು ಸಲ ಫಾರ್ವರ್ಡ್ ಆಗಿ ಬಂದಿರುತ್ತೆ. ಹೋಟೆಲ್ ಖರ್ಚಿಲ್ಲದೆ ಯುರೋಪ್ ಸುತ್ತೋದು ಹೇಗೆ ಅಂತ. ಏನಿಲ್ಲ, ನಿಮ್ಮನೆ ಬೀಗದ ಕೈ ಅವರಿಗೆ ಕೊಡೋದು, ಅವರದ್ದು ನೀವು ಇಸ್ಕೊಳ್ಳೋದು, ಎರಡು ವಾರ ಅವರು ನಿಮ್ಮ ಹಾಸಿಗೇಲಿ ಮಲಗ್ತಾರೆ ನೀವು ಅವರ ಹಾಸಿಗೇಲಿ. ನಮ್ಮಜ್ಜಿ ಇದ್ದಿದ್ರೆ ಈ ವಾಕ್ಯ ಪೂರ್ತಿ ಓದೋಕೂ ಬಿಡ್ತಿರಲಿಲ್ಲ.

ಇದೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ವಂತೆ. 1953ರಲ್ಲೇ ಯುರೋಪಿನ ಕೆಲವು ಮೇಷ್ಟ್ರುಗಳು ಸೇರ್ಕೊಂಡು ಇಂಟರ್‌ವ್ಯಾಕ್ ಅಂತ ಶುರು ಮಾಡಿದ್ರು. ಸಂಬಳ ಕಮ್ಮಿ, ರಜೆ ಜಾಸ್ತಿ, ಮನೆ ಖಾಲಿ, ಲೆಕ್ಕ ಸರಿಹೋಯ್ತು. ನಮ್ಮ ಮೇಷ್ಟ್ರುಗಳಿಗೆ ಮೊದಲೆರಡು ಅರ್ಥ ಆಗಬಹುದು, ಅದರಲ್ಲೂ ಎರಡನೇದು ಅನುಮಾನವೇ. 2025ರ ದಸರಾ ರಜೆಯನ್ನ ಅಕ್ಟೋಬರ್ 18ರವರೆಗೆ ಉದಾರವಾಗಿ ಎಳೆದ್ರಲ್ಲ, ಆವಾಗ ನಮ್ಮ ಮೇಷ್ಟ್ರುಗಳೂ ಬೇರೆಯವರ ಮನೆಮನೆಗೆ ಹೋಗಿದ್ದು ನಿಜ. ಆದ್ರೆ ಗೇಟ್ ಹೊರಗೆ ನಿಂತು, ನಾಯಿ ಕಟ್ಟಿದೀರಾ ಅಂತ ಕೂಗಿ, ಜಾತಿ ಸಮೀಕ್ಷೆಯ 60 ಪ್ರಶ್ನೆ ಕೇಳೋಕೆ. ಒಳಗೆ ಬಂದು ಕೂತ್ಕೊಳ್ಳಿ ಅಂದವರೇ ಪುಣ್ಯಾತ್ಮರು, ಇನ್ನು ಬೀಗದ ಕೈ ಎಲ್ಲಿ ಬಂತು.

ಇರಲಿ, ನಾನೂ ಒಂದು ಸೈಟಲ್ಲಿ ರಿಜಿಸ್ಟರ್ ಆದೆ. ಮೊದಲ ಕಾಲಮ್ಮೇ ವಿಳಾಸ. ಅಲ್ಲೇ ಸಿಕ್ಕಾಕ್ಕೊಂಡೆ. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂತಲ್ಲ, ನಾನು ಒಂದು ಲೋಟವನ್ನೂ ಕದಲಿಸದೆ ಹೊಸ ಊರಿಗೆ ಬಂದಿದೀನಿ, ಮನೆ ಮುಂದಿನ ಗುಂಡಿನೂ ಪಾಪ ಜೊತೆಗೇ ಬಂದಿದೆ. ಈಗ ನಾವು ಬೆಂಗಳೂರು ದಕ್ಷಿಣ. ಆದ್ರೆ ಅದೇ ವರ್ಷ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತಲೇ ನಾಮಕರಣ ಆಯ್ತಲ್ಲ! ನಮ್ಮನೆಗೆ ಅಂತ ಹೊರಟ ಫ್ರೆಂಚ್ ದಂಪತಿ ಸೂಟ್‌ಕೇಸ್ ಸಮೇತ ರಾಮನಗರದ ರೇಷ್ಮೆ ಮಾರುಕಟ್ಟೇಲಿ ಇಳಿದು ನಮ್ಮನೆ ಯಾವ್ದು ಅಂತ ಗೂಡು ಮಾರೋರನ್ನ ಕೇಳೋ ಚಿತ್ರ ಕಣ್ಮುಂದೆ ಬಂದು ಅರ್ಧ ಗಂಟೆ ನಗ್ತಾ ಕೂತಿದ್ದೆ.

ಫ್ರೆಂಚ್ ದಂಪತಿ ಯಾಕಂದ್ರೆ ಲಿಯಾನ್ ಕಡೆಯವರು ಒಬ್ರು ಮೆಸೇಜ್ ಹಾಕಿದ್ರು. ನಿಮ್ಮನೆ ಚೆನ್ನಾಗಿದೆ, ಮನೆಯ ಮ್ಯಾನ್ಯುಯಲ್ ಕಳಿಸಿ ಅಂತ. ಅವರದ್ದು ಎರಡು ಪುಟ, ಅದರಲ್ಲಿ ಒಂದೂವರೆ ಪುಟ ಬೆಕ್ಕಿನ ಬಗ್ಗೆ. ಸರಿ ನಾನೂ ಬರೆಯೋಕೆ ಕೂತೆ. ಮೋಟರ್ ಎರಡಿದೆ, ಕಾವೇರಿಗೊಂದು ಬೋರ್‌ಗೊಂದು, ಸ್ವಿಚ್ ನೋಡೋಕೆ ಒಂದೇ ಥರ ಇದೆ, ಎಡಗಡೇದಕ್ಕೆ ಕುಂಕುಮ ಹತ್ತಿದೆ, ಅದು ಕಾವೇರಿ. ಕಾವೇರಿ ದಿನ ಬಿಟ್ಟು ದಿನ ಬರುತ್ತೆ, ಎಷ್ಟೊತ್ತಿಗೆ ಅನ್ನೋದು ವಾಲ್ವ್ ತಿರುಗಿಸೋ ಅಣ್ಣನಿಗೆ ಮತ್ತು ದೇವರಿಗೆ ಗೊತ್ತು, ಬೆಳಗಿನ ಜಾವ ಪೈಪಲ್ಲಿ ಗಾಳಿ ಬುಸ್ ಅಂದ ತಕ್ಷಣ ಎದ್ದು ಸಂಪ್ ಮುಚ್ಚಳ ಎತ್ತಿ ಟಾರ್ಚ್ ಬಿಡಿ. ಗೀಸರ್ ಹಾಕಿದಾಗ ಮಿಕ್ಸಿ ಹಾಕಬೇಡಿ, ಟ್ರಿಪ್ ಆಗುತ್ತೆ. ಬಾತ್‌ರೂಮ್ ಬಾಗಿಲು ಸ್ವಲ್ಪ ಎತ್ತಿ, ಆಮೇಲೆ ತಳ್ಳಿ, ಚಿಲಕ ಆಗ ಬೀಳುತ್ತೆ. ಹಾಲಿನ ಬ್ಯಾಗನ್ನ ರಾತ್ರಿನೇ ಗೇಟಿಗೆ ನೇತಾಕಿ. ಕಸದ ಗಾಡಿ ಬಂದಾಗ ಹಸಿ ಕಸ ಒಣ ಕಸ ಬೇರೆ ಬೇರೆ ಕೊಡಿ, ಕೊಟ್ಟಮೇಲೆ ಅವರು ಎರಡನ್ನೂ ಒಟ್ಟಿಗೇ ಸುರ್ಕೋತಾರೆ, ಅದನ್ನ ನೋಡಬೇಡಿ, ನಾವೂ ನೋಡಲ್ಲ. ಉಮೇದಿಗೆ ಬಿದ್ದು ಕಾರ್ ಗೀರ್ ತೊಳೀಬೇಡಿ, 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂದಿತ್ತು, ಎದುರುಮನೆ ಆಂಟಿ ಅದನ್ನ ಇನ್ನೂ ಮರೆತಿಲ್ಲ.

ಏಳು ಪುಟ ಆಯ್ತು. ದೇವರ ಮನೆ ವಿಷ್ಯ ಇನ್ನೂ ಬಂದೇ ಇರಲಿಲ್ಲ. ನನ್ನ ಹೆಂಡತಿ ಓದಿ, ಇಷ್ಟೆಲ್ಲ ನಂಗೂ ಯಾರೂ ಹೇಳಿಕೊಟ್ಟಿರಲಿಲ್ವಲ್ಲ ಅಂದ್ಲು.

ಸುದ್ದಿ ಬೀದೀಲೆಲ್ಲ ಹರಡ್ತು. ಮೂರನೇ ಮನೆ ರಿಟೈರ್ಡ್ ಸಾಹೇಬ್ರು ವಾಕಿಂಗ್ ನಿಲ್ಸಿ, ಫಾರಿನ್‌ನವ್ರಂತೆ, ಬರ್ಲಿ ಬರ್ಲಿ, ನಮ್ಮನೆಗೂ ಒಂದಿನ ಕಾಫಿಗೆ ಕರ್ಕೊಂಬನ್ನಿ ಅಂದ್ರು. ಎಷ್ಟು ದೊಡ್ಡ ಮನಸ್ಸು ನೋಡಿ. ಇದೇ ಸಾಹೇಬ್ರ ಮೇಲ್ಗಡೆ ಪೋರ್ಷನ್ ಖಾಲಿ ಇದ್ದಾಗ ನನ್ನ ಸಹೋದ್ಯೋಗಿ ಮಗನ್ನ ಕರ್ಕೊಂಡು ಹೋಗಿದ್ದೆ, ಕಲಬುರಗಿ ಹುಡುಗ, ಮೊದಲ ಕೆಲಸ, ಹತ್ತು ತಿಂಗಳ ಅಡ್ವಾನ್ಸ್ ಅವರಪ್ಪ ಸಾಲ ಮಾಡಿ ಹೊಂದಿಸಿದ್ರು. ಪೂರ್ತಿ ಹೆಸರೇನಪ್ಪ ಅಂದ್ರು. ಹೇಳ್ದ. ಅಲ್ಲ, ಮನೆತನದ ಹೆಸರು ಅಂದ್ರು. ಅಡುಗೆ ಏನೇನು ಮಾಡ್ಕೋತೀಯ, ಮೊಟ್ಟೆ ಗಿಟ್ಟೆ ಇದ್ಯಾ ಅಂದ್ರು. ಆಮೇಲೆ, ನಮ್ಮ ಮಗಳು ಬರ್ತಿದಾಳೆ, ಸದ್ಯಕ್ಕೆ ಕೊಡಲ್ಲ ಅಂದ್ರು. ಮಗಳು ಬರಲಿಲ್ಲ, ಬೋರ್ಡ್ ಎರಡು ತಿಂಗಳು ಹಾಗೇ ನೇತಾಡ್ತಿತ್ತು. ಲಿಯಾನ್‌ನವರು ಫ್ರಿಜ್ಜಲ್ಲಿ ಏನೇನು ಇಡ್ತಾರೆ ಅಂತ ಸಾಹೇಬ್ರು ಒಂದು ಮಾತು ಕೇಳಲಿಲ್ಲ. ಇದನ್ನ ತಮಾಷೆಯಾಗಿ ಬರೆಯೋಣ ಅಂತ ಎರಡು ಸಲ ನೋಡ್ದೆ, ಆಗಲಿಲ್ಲ. ಆ ಹುಡುಗ ವಾಪಸ್ ಬರ್ತಾ ಮೆಟ್ಟಿಲ ಮೇಲೆ, ಬಿಡ್ರಿ ಅಂಕಲ್, ಇದು ಆರನೇ ಮನಿ ಅಂದ. ಅಷ್ಟೇ.

ಇನ್ನು ನಾವು ಅಲ್ಲಿಗೆ ಹೋಗೋ ಕಥೆ. ಅವರು ಬರೋಕೆ ಇ-ವೀಸಾ, ಸೋಫಾ ಮೇಲೆ ಕೂತೇ ಆಗುತ್ತೆ. ಬಂದಮೇಲೆ ನಾನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಲ್ಲಿ ತಿಳಿಸಬೇಕು, ಆದ್ರೆ ಆಗ ನಾನು ಅವರ ಬೆಕ್ಕಿನ ಜೊತೆ ಇರ್ತೀನಲ್ಲ! ನಮಗೋ ಷೆಂಗೆನ್ ವೀಸಾಗೆ ತಲೆಗೆ 90 ಯೂರೋ, ಕೊಡದಿದ್ರೂ ದುಡ್ಡು ವಾಪಸ್ ಇಲ್ಲ. ಹೋಟೆಲ್ ಬುಕ್ ಮಾಡದೆ ಒಬ್ರ ಮನೇಲಿ ಇಳ್ಕೋತೀವಿ ಅಂದ್ರೆ ಆ ಮನೆಯವರು ತಮ್ಮೂರ ಮೇಯರ್ ಕಚೇರಿಗೆ ಹೋಗಿ, ಇಂಥವರು ಬರ್ತಿದಾರೆ ನಾವು ಇಟ್ಕೋತೀವಿ ಅಂತ ಪತ್ರ ಮಾಡಿಸಬೇಕು. ನಿಮ್ಮ ಮೇಯರ್‌ಗೂ ಹೀಗೇನಾದ್ರೂ ಕೇಳಬೇಕಾ ಅಂತ ಆಯಮ್ಮ ಪಾಪ ಮುಗ್ಧವಾಗಿ ಕೇಳಿದ್ರು. ನಮ್ಮಲ್ಲಿ 2020ರ ಸೆಪ್ಟೆಂಬರಲ್ಲಿ ಅವಧಿ ಮುಗಿದು ಮೇಯರ್ರು ಮನೆಗೆ ಹೋದಮೇಲೆ ಐದು ವರ್ಷ ಕಳೆದ್ರೂ ಚುನಾವಣೆನೇ ಆಗಲಿಲ್ಲ, ಆ ತೊಂದ್ರೆ ನಿಮಗಿಲ್ಲ ಅಂತ ಬರೆದೆ. ಸರ್ಪ್ರೈಸ್ ಎಮೋಜಿ ಬಂತು.

ಮೊನ್ನೆ ಇನ್ನೊಂದು ಮೆಸೇಜ್ ಬಂದಿದೆ. ಏಳೂ ಪುಟ ಅನುವಾದ ಮಾಡ್ಕೊಂಡು ಓದಿದ್ರಂತೆ, ಗಂಡ ಹೆಂಡತಿ ಇಬ್ರೂ. ಎಲ್ಲ ಅರ್ಥ ಆಯ್ತು, ಒಂದೇ ಒಂದು ಅನುಮಾನ, ಮೇಲಿನ ಟ್ಯಾಂಕ್ ತುಂಬಿದ್ದು ಗೊತ್ತಾಗೋದು ಹೇಗೆ, ಅಲಾರಂ ಏನಾದ್ರೂ ಇದ್ಯಾ ಅಂತ.

ಇದೆ ಅಂತ ಬರೆದೆ. ಎದುರುಮನೆ ಆಂಟಿ ಕೂಗ್ತಾರೆ.