ಅಧ್ಯಾಯವನ್ನೇ ಕಂಠಪಾಠ ಮಾಡೋಣ

ಸತ್ಯವೇದದ (ಬೈಬಲಿನ) ವಚನ ಕಂಠಪಾಠ ಎಂದರೆ ಭಾನುವಾರದ ಶಾಲೆಯ ಮಕ್ಕಳ ಕೆಲಸ ಎಂಬ ಭಾವನೆ ನಮ್ಮ ಸಭೆಗಳಲ್ಲಿ ಆಳವಾಗಿ ಬೇರೂರಿದೆ. ಮಕ್ಕಳು ಮುಂದೆ ನಿಂತು ಒಪ್ಪಿಸುತ್ತಾರೆ, ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ, ಬಹುಮಾನ ಕೊಡುತ್ತಾರೆ. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರನ್ನು ಒಪ್ಪಿಸು ಎಂದು ಯಾರೂ ಕೇಳುವುದಿಲ್ಲ. ಸಾಲ, ಕಾಯಿಲೆ, ಮುರಿದ ಸಂಬಂಧ, ಮರಣ ಇವೆಲ್ಲ ಎದುರಾಗುವುದು ಆ ವಯಸ್ಸಿನಲ್ಲಿ. ದೇವರ ವಾಕ್ಯ ನಾಲಿಗೆಯ ತುದಿಯಲ್ಲಿ ಇರಬೇಕಾದದ್ದೂ ಆಗಲೇ. ಆದ್ದರಿಂದ ದೊಡ್ಡವರು ಕಲಿಯಬೇಕು, ಅದರಲ್ಲೂ ಬಿಡಿ ವಚನಗಳಿಗಿಂತ ಇಡೀ ಕೀರ್ತನೆಗಳನ್ನು, ಇಡೀ ಅಧ್ಯಾಯಗಳನ್ನು ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮತ್ತಾಯ 4ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ನಲವತ್ತು ದಿನ ಉಪವಾಸವಿದ್ದು ಹಸಿದಿರುವ ಯೇಸು ಸ್ವಾಮಿ ಸೈತಾನನು ಒಡ್ಡಿದ ಮೂರು ಶೋಧನೆಗಳಿಗೂ (ಪ್ರಲೋಭನೆಗಳಿಗೂ) ಬರೆದಿರುವ ವಾಕ್ಯದಿಂದಲೇ ಉತ್ತರ ಕೊಡುತ್ತಾರೆ. ಮೂರೂ ಧರ್ಮೋಪದೇಶಕಾಂಡದವು: ಒಂದು 8ನೇ ಅಧ್ಯಾಯದ 3ನೇ ವಚನ, ಉಳಿದೆರಡು 6ನೇ ಅಧ್ಯಾಯದ 16 ಮತ್ತು 13ನೇ ವಚನಗಳು. ಆ ಭಾಗ ಯಾವುದರ ಬಗ್ಗೆ ಇದೆ ಎಂದು ತೆಗೆದು ನೋಡಿದರೆ ಮೈ ನವಿರೇಳುತ್ತದೆ. ಇಸ್ರಾಯೇಲ್ಯರು ನಲವತ್ತು ವರ್ಷ ಅರಣ್ಯದಲ್ಲಿ ನಡೆದದ್ದು, ಹಸಿದದ್ದು, ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದದ್ದು, ನೀರಿಲ್ಲದಾಗ ಮಸ್ಸ ಎಂಬಲ್ಲಿ ದೇವರನ್ನೇ ಪರೀಕ್ಷಿಸಿದ್ದು. ಅವರು ಸೋತ ಅರಣ್ಯದ ಕಥೆಯಿಂದಲೇ ಸ್ವಾಮಿ ತಮ್ಮ ಅರಣ್ಯದ ಉತ್ತರಗಳನ್ನು ತೆಗೆದರು. ಆ ಭಾಗವೆಲ್ಲ ಹೃದಯದಲ್ಲಿ ನೆಲೆಸಿದ್ದವರಿಗೆ ಮಾತ್ರ ಹೀಗೆ ಉತ್ತರಿಸಲು ಸಾಧ್ಯ.

ಅದೇ ಅಧ್ಯಾಯದಲ್ಲಿ ಸೈತಾನನೂ ವಚನ ಹೇಳುತ್ತಾನೆ, ಅದೂ 91ನೇ ಕೀರ್ತನೆಯಿಂದ. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ ಮಾತು ಕೀರ್ತನೆಯಲ್ಲಿ ಇರುವುದು ನಿಜ. ಆದರೆ 'ನಿನ್ನ ಎಲ್ಲಾ ಮಾರ್ಗಗಳಲ್ಲಿ' ಎಂಬ ಭಾಗವನ್ನು ಅವನು ಬಿಟ್ಟುಬಿಡುತ್ತಾನೆ. ಸಿಂಹವನ್ನೂ ಸರ್ಪವನ್ನೂ ತುಳಿದುಬಿಡುವೆ ಎಂದು ಹೇಳುವ ಮುಂದಿನ ವಚನಕ್ಕೆ ಹೋಗುವುದೇ ಇಲ್ಲ. ಬಿಡಿ ವಚನ ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ನನಗೆ ಗೊತ್ತಿಲ್ಲ.

ನಾವು ಪ್ರೀತಿಯಿಂದ ಹಂಚಿಕೊಳ್ಳುವ, ಒಂದೊಂದು ವಚನ ಅಚ್ಚಾದ ವಾಗ್ದಾನದ ಕಾರ್ಡುಗಳ ಬಗ್ಗೆಯೂ ಇದನ್ನೇ ಹೇಳಬೇಕಾಗಿದೆ. ಯೆರೆಮೀಯ 29:11, ದೇವರಿಗೆ ನಮ್ಮ ವಿಷಯದಲ್ಲಿರುವ ಹಿತದ ಯೋಚನೆಗಳ ವಚನ, ಎಷ್ಟು ಮನೆಗಳ ಗೋಡೆಯ ಮೇಲಿದೆ! ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಎಂಬ ಮಾತಿದೆ. ಆ ಪತ್ರ ಕೇಳಿಸಿಕೊಂಡ ಅನೇಕರು ಬಿಡುಗಡೆಯನ್ನು ಕಾಣದೆ ಅಲ್ಲೇ ಕಣ್ಣುಮುಚ್ಚಿರಬೇಕು. ಅವರಿಗೆ ಸಿಕ್ಕ ಅಪ್ಪಣೆ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು. 4ರಿಂದ 14ರವರೆಗಿನ ವಚನಗಳನ್ನು ಒಟ್ಟಿಗೆ ಕಲಿತ ವಿಶ್ವಾಸಿಗೆ ಕಾಯಲು ಬಲ ಬರುತ್ತದೆ. 11ನೇ ವಚನವನ್ನು ಮಾತ್ರ ಕಲಿತವನು ಆರು ತಿಂಗಳಲ್ಲಿ ಕೆಲಸ ಸಿಗದಿದ್ದರೆ ದೇವರು ಮಾತು ತಪ್ಪಿದರು ಎಂದುಕೊಳ್ಳುತ್ತಾನೆ. ಫಿಲಿಪ್ಪಿ 4:13 ಕೂಡ ಹಾಗೆಯೇ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದ ಪೌಲನು ಸೆರೆಯಲ್ಲಿದ್ದನು. ಹಿಂದಿನ ವಚನದಲ್ಲಿ ಹಸಿವನ್ನೂ ಕೊರತೆಯನ್ನೂ ಸಹಿಸಲು ಕಲಿತದ್ದನ್ನು ಹೇಳುತ್ತಾನೆ.

ಇಡೀ ಭಾಗವನ್ನು ಕಲಿಯುವುದರ ಇನ್ನೊಂದು ವರ ನನಗೆ ಬಹಳ ಅಮೂಲ್ಯ. ಕಾರ್ಡಿನ ಮೇಲೆ ಅಚ್ಚಾಗದ ಮಾತುಗಳು ನಮ್ಮ ಬಾಯಿಗೆ ಬರುತ್ತವೆ. 13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲೇ 'ಎಷ್ಟರವರೆಗೆ' ಎಂಬ ಕೂಗು ನಾಲ್ಕು ಸಲ ಬರುತ್ತದೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ದಾವೀದನು ದೇವರನ್ನು ನೇರವಾಗಿ ಕೇಳುತ್ತಾನೆ. ಕೊನೆಯಲ್ಲಿ ಹಾಡುತ್ತಾನೆ ನಿಜ, ಆದರೆ ಕೂಗಿದ ನಂತರ ಹಾಡುತ್ತಾನೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ದುಃಖದಲ್ಲಿರುವ ವಿಶ್ವಾಸಿ ತನ್ನ ದೂರನ್ನು ದೇವರ ಮುಂದೆ ಹೇಳುವುದೇ ಅವಿಶ್ವಾಸ ಎಂದುಕೊಂಡು ಮೌನವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಂಥವರಿಗೆ ಈ ಕೀರ್ತನೆಗಳು ಬಾಯಿಪಾಠವಾಗಿದ್ದರೆ ದೇವರೇ ಒದಗಿಸಿಕೊಟ್ಟ ಮಾತುಗಳಲ್ಲಿ ಅವರು ಅಳಬಹುದಿತ್ತು. ಮೀನಿನ ಹೊಟ್ಟೆಯೊಳಗಿನ ಪ್ರವಾದಿ ಯೋನನ ಪ್ರಾರ್ಥನೆಯನ್ನು ನೋಡಿ. ನಿನ್ನ ಅಲೆಗಳೂ ತೆರೆಗಳೂ ನನ್ನ ಮೇಲೆ ಹಾದುಹೋದವು ಎಂಬ ಅವನ ಮಾತು 42ನೇ ಕೀರ್ತನೆಯಲ್ಲೂ ಇದೆ, ಮತ್ತೆ ಎಷ್ಟೋ ಸಾಲುಗಳು ಬೇರೆ ಕೀರ್ತನೆಗಳನ್ನು ನೆನಪಿಸುತ್ತವೆ. ಶಿಲುಬೆಯ ಮೇಲೆ ಸ್ವಾಮಿಯ ಬಾಯಿಂದ ಬಂದದ್ದೂ 22 ಮತ್ತು 31ನೇ ಕೀರ್ತನೆಗಳ ಮಾತುಗಳು. ಪ್ರಾಣ ಹೋಗುವ ಗಳಿಗೆಯಲ್ಲಿ ಯಾರೂ ಮಾತು ಹುಡುಕುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ.

ಮೊಬೈಲ್‌ನಲ್ಲಿ ಇಡೀ ಸತ್ಯವೇದ ಇರುವಾಗ ಬಾಯಿಪಾಠ ಏಕೆ ಎಂದು ಯುವಜನರು ಕೇಳುತ್ತಾರೆ. ಹುಡುಕಬೇಕು ಎಂದು ಹೊಳೆದಾಗ ಮಾತ್ರ ಮೊಬೈಲ್ ಸಹಾಯ ಮಾಡುತ್ತದೆ. ಕೋಪ ನೆತ್ತಿಗೇರಿದಾಗ ಯಾಕೋಬ 1:19 ಏನು ಹೇಳುತ್ತದೆ ಎಂದು ಯಾರು ಹುಡುಕುತ್ತಾರೆ? ಕಿವಿಗೊಡುವುದರಲ್ಲಿ ಬೇಗ, ಮಾತಿನಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎಂಬ ಆ ಮಾತು ಕಂಠಪಾಠವಾಗಿದ್ದರೆ ಕರೆಯದೆಯೇ ಬಂದು ಎದುರಿಗೆ ನಿಲ್ಲುತ್ತದೆ, ಬಾಯಿಗೆ ಬಂದದ್ದನ್ನು ತಡೆಯುತ್ತದೆ. ನಂಬಿಕೆಯಲ್ಲಿ ಬೆಳೆಯುವುದೆಂದರೆ ನನಗೆ ಬಹುಪಾಲು ಇದೇ. ನಾನು ಬಯಸದ ಹೊತ್ತಿನಲ್ಲಿ ವಾಕ್ಯ ನನ್ನನ್ನು ಎದುರಿಸಬೇಕು, ನಾನು ಸೋತು ಅದಕ್ಕೆ ಒಪ್ಪಬೇಕು. ಯಾಕೋಬನು ಕೆಲವೇ ವಚನಗಳ ಮುಂದೆ ಕೇಳುವವರಷ್ಟೇ ಆಗಬೇಡಿರಿ, ನಡೆಯುವವರಾಗಿರಿ ಎಂದು ಎಚ್ಚರಿಸುತ್ತಾನೆ. ಕಂಠಪಾಠ ಮಾಡಿದವರಿಗೂ ಆ ಎಚ್ಚರಿಕೆ ಪೂರ್ತಿ ಅನ್ವಯಿಸುತ್ತದೆ. ಬಾಯಿಗೆ ಬರುವುದೇ ನಂಬಿಕೆಯಾಗಿದ್ದರೆ ಯೇಸುವಿನ ಕಾಲದ ಶಾಸ್ತ್ರಿಗಳಿಗಿಂತ ದೊಡ್ಡ ವಿಶ್ವಾಸಿಗಳು ಇರುತ್ತಿರಲಿಲ್ಲ.

ವಯಸ್ಸಾಯಿತು, ನೆನಪು ಉಳಿಯುವುದಿಲ್ಲ ಎನ್ನುವವರಿಗೆ ಒಂದು ಮಾತು. ಮರೆವು ಎಲ್ಲರಿಗೂ ಇದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ವಿಷಯವೇ ಅದು: ಕಲಿತದ್ದರ ಹೆಚ್ಚಿನ ಪಾಲು ಮೊದಲ ಗಂಟೆಗಳಲ್ಲೇ ಜಾರಿಹೋಗುತ್ತದೆ, ಆದರೆ ಅಂತರ ಬಿಟ್ಟು ಮತ್ತೆ ಮತ್ತೆ ಹೇಳಿಕೊಂಡರೆ ಉಳಿಯುತ್ತದೆ. ಹಾಗಾಗಿ ದಿನಕ್ಕೊಂದು ಹೊಸ ವಚನ ಕಲಿಯುವ ಆತುರ ಬೇಡ. ಇಂದು ಕಲಿತದ್ದನ್ನು ನಾಳೆ ಹೇಳಿಕೊಳ್ಳಿ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಹೇಳಿಕೊಳ್ಳಿ. ಗಟ್ಟಿಯಾಗಿ ಹೇಳಿ, ಕೈಯಲ್ಲಿ ಬರೆಯಿರಿ, ಒಂದೇ ಭಾಷಾಂತರವನ್ನು ಹಿಡಿದುಕೊಳ್ಳಿ. ಅಂಕಿಗಳು ಮರೆತರೆ ಚಿಂತಿಸಬೇಡಿ. ಇಂದಿನ ವಚನ ಸಂಖ್ಯೆಗಳು ಹೊಸ ಒಡಂಬಡಿಕೆಗೆ ಬಂದದ್ದು 1551ರಲ್ಲಿ, ರೊಬೇರ್ ಎತಿಯೆನ್ ಎಂಬ ಮುದ್ರಕನ ಕೈಯಿಂದ. ಇಬ್ರಿಯರಿಗೆ ಪತ್ರ ಬರೆದವನು 8ನೇ ಕೀರ್ತನೆಯನ್ನು ಉಲ್ಲೇಖಿಸುವಾಗ ಒಬ್ಬನು ಒಂದು ಕಡೆ ಹೇಳಿದ್ದಾನೆ ಎನ್ನುತ್ತಾನೆ, ಅಷ್ಟೇ!

119ನೇ ಕೀರ್ತನೆಯ ಕವಿಗೂ ಈ ಕಷ್ಟ ಗೊತ್ತಿತ್ತೇನೋ. ಇಬ್ರಿಯ ಭಾಷೆಯ 22 ಅಕ್ಷರಗಳಿಗೆ ತಲಾ ಎಂಟರಂತೆ 176 ವಚನಗಳನ್ನು ಜೋಡಿಸಿದ್ದಾನೆ. ಪ್ರತಿ ಗುಂಪಿನ ಎಂಟೂ ವಚನಗಳು ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಕಲಿಯುವವನಿಗೆ ಅದು ದೊಡ್ಡ ಆಸರೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 23ನೇ ಕೀರ್ತನೆ ಹೇಗೂ ಅರ್ಧ ಬರುತ್ತದೆ, ಅದನ್ನು ಪೂರ್ತಿ ಮಾಡಿ. ನಂತರ 13, ಆಮೇಲೆ 1 ಕೊರಿಂಥ 13, ಅದಾದ ಮೇಲೆ ಪರ್ವತ ಪ್ರಸಂಗದ ಒಂದೊಂದೇ ತುಂಡು. ಶತ್ರುಗಳನ್ನು ಪ್ರೀತಿಸಿರಿ ಎಂಬ ಭಾಗವನ್ನು ಮಾತ್ರ ದಾಟಿ ಹೋಗಬೇಡಿ.

ಸಭಾಪಾಲಕರಲ್ಲಿ ನನ್ನದೊಂದು ಬೇಡಿಕೆಯಿದೆ. ಪ್ರಸಂಗಕ್ಕೆ ಮುಂಚೆ ವೇದಭಾಗವನ್ನು ಓದಿಸುತ್ತೀರಲ್ಲ, ತಿಂಗಳಿಗೆ ಒಂದು ಭಾನುವಾರ ಅದನ್ನು ಪುಸ್ತಕ ನೋಡದೆ ಹೇಳುವ ಜವಾಬ್ದಾರಿಯನ್ನು ಒಬ್ಬ ದೊಡ್ಡವರಿಗೆ ಕೊಡಿ. ಮೂರು ವಾರ ಮೊದಲೇ ಭಾಗವನ್ನು ತಿಳಿಸಿ. ಮಧ್ಯದಲ್ಲಿ ತಡವರಿಸಿದರೆ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಎತ್ತಿಕೊಡಲಿ.